ಅಜ್ಜ ಮಿಲ್ಲಲ್ಲಿ ಏನು ಬೀಸ್ತಿದ್ರು?

ಹೋದ ತಿಂಗಳು ನನ್ನ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ದಿನಾ ಕಿವಿಗೆ ಬೀಳುವ ಒಂದು ಇಂಗ್ಲಿಷ್ ಪದ ಆರಿಸಿಕೊಳ್ಳಬೇಕು. ಅದಕ್ಕೆ ಎಷ್ಟು ಅರ್ಥ ಇವೆಯೋ ಅಷ್ಟನ್ನೂ ಬರೆದು, ಒಂದೊಂದಕ್ಕೂ ಒಂದು ವಾಕ್ಯ ಮಾಡಬೇಕು. ಅವಳು ಆರಿಸಿಕೊಂಡಿದ್ದು ‘ಮಿಲ್’. ದಾವಣಗೆರೆಯ ಹುಡುಗಿ, ಅಜ್ಜ ಮಿಲ್ಲಿನಲ್ಲಿ ದುಡಿದವರು. ಸುಲಭ ಅನ್ನಿಸಿರಬೇಕು. ನಿಘಂಟು ತೆಗೆದಳು. ಮೊದಲನೇ ಅರ್ಥ: ಕಾಳನ್ನು ಬೀಸಿ ಹಿಟ್ಟು ಮಾಡುವ ಯಂತ್ರ, ಅಥವಾ ಆ ಯಂತ್ರ ಇರುವ ಕಟ್ಟಡ. ಓದಿ ತಲೆ ಎತ್ತಿ ಕೇಳಿದಳು: “ಅಮ್ಮಾ, ಅಜ್ಜ ಮಿಲ್ಲಲ್ಲಿ ಏನು ಬೀಸ್ತಿದ್ರು?”

“ಏನೂ ಬೀಸ್ತಿರಲಿಲ್ಲ, ನೂಲು ತೆಗೀತಿದ್ರು” ಅಂದೆ. “ಹಂಗಾದ್ರೆ ಅದನ್ನ ಮಿಲ್ ಅಂತ ಯಾಕಂತಾರೆ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ಕಲಿತಾಗಿನಿಂದ ಆ ಪದ ನನ್ನ ಬಾಯಲ್ಲಿದೆ. ‘ಅಪ್ಪ ಮಿಲ್ಲಿಗೆ ಹೋಗ್ಯಾರೆ’, ‘ಮಿಲ್ ಕೂಗ್ತು’, ‘ಮಿಲ್ ಬಿಡೋ ಹೊತ್ತಾತು’. ನಮ್ಮ ಮನೆಯ ಗಡಿಯಾರ, ಕ್ಯಾಲೆಂಡರು, ರೇಷನ್ನು ಎಲ್ಲವೂ ಆ ಒಂದು ಪದದ ಮೇಲೆ ನಿಂತಿದ್ದವು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಮೂಲ ಅರ್ಥ ಇದೆ, ಆ ಅರ್ಥಕ್ಕೂ ನಮ್ಮಪ್ಪನ ಕೆಲಸಕ್ಕೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ ಅನ್ನೋದು ನಲವತ್ತು ದಾಟಿದ ಮೇಲೆ ನನಗೆ ಹೊಳೆಯಿತು. ಅವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ರಾತ್ರಿ ಮಲಗಿದಾಗಲೂ ಅದೇ ಯೋಚನೆ.

ಗಿರಣಿಯಣ್ಣನ ರೆಪ್ಪೆ

ಚಿಕ್ಕವಳಿದ್ದಾಗ ವಾರಕ್ಕೊಂದು ಸಲ ಗಿರಣಿಗೆ ಹೋಗುವ ಕೆಲಸ ನನ್ನದು. ಅಜ್ಜಿ ಜೋಳ ಹಸನು ಮಾಡಿ, ಕಲ್ಲು ಆರಿಸಿ, ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಗೆ ತುಂಬಿ ತಲೆ ಮೇಲೆ ಇಡುತ್ತಿದ್ದಳು. “ರಾಗಿ ಹಾಕಿದ ಮ್ಯಾಲೆ ನಮ್ದು ಹಾಕಬ್ಯಾಡ ಅಂತ ಹೇಳು. ಮುಂದೆ ಜೋಳದ್ದು ಯಾರ್ದಾದ್ರೂ ಇದ್ರೆ ಅದ್ರ ಹಿಂದೆ ಹಾಕಿಸ್ಕಂಡು ಬಾ” ಅನ್ನುತ್ತಿದ್ದಳು. ರಾಗಿ ಬೀಸಿದ ಮೇಲೆ ಜೋಳ ಹಾಕಿದರೆ ಹಿಟ್ಟು ಕಪ್ಪಾಗುತ್ತದೆ, ರೊಟ್ಟಿ ಬಣ್ಣಗೆಡುತ್ತದೆ ಅಲ್ವಾ, ಅದಕ್ಕೆ. ನಾನು ಸಾಲಿನಲ್ಲಿ ಡಬ್ಬಿ ಇಟ್ಟು, ಮುಂದಿನ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದೆ.

ಗಿರಣಿಯ ಒಳಗೆ ಮಾತು ಕೇಳಿಸುತ್ತಿರಲಿಲ್ಲ. ಉದ್ದದ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ನೆಲ ನಡುಗುತ್ತಿತ್ತು. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ತುಂಬುತ್ತಿತ್ತು. ಆ ವಾಸನೆ ಈಗ ಪ್ಯಾಕೆಟ್ ಹಿಟ್ಟಿನಲ್ಲಿ ಸಿಗುವುದಿಲ್ಲ. ಗಿರಣಿಯಣ್ಣ ಬಟ್ಟೆಯ ಚೀಲದ ಬಾಯಿಗೆ ಕೈ ಒಡ್ಡಿ, ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಒಂದು ತಿರುಪು ಬಿಗಿ ಮಾಡುತ್ತಿದ್ದ. ತಲೆ, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಕಣ್ಣು ಮುಚ್ಚಿ ತೆಗೆದರೆ ರೆಪ್ಪೆಯಿಂದ ಹಿಟ್ಟು ಉದುರುತ್ತಿತ್ತು.

ಅಪ್ಪನೂ ಹಾಗೇ ಬರುತ್ತಿದ್ದರು. ಮೊದಲ ಪಾಳಿ ಮುಗಿಸಿ ಮನೆಗೆ ಬಂದಾಗ ತಲೆ ಬೆಳ್ಳಗೆ, ಹುಬ್ಬು ಬೆಳ್ಳಗೆ, ರೆಪ್ಪೆ ಬೆಳ್ಳಗೆ. ಹಿತ್ತಿಲಲ್ಲಿ ಅಂಗಿ ಕೊಡವಿದರೆ ಬಿಳಿ ಎಳೆಗಳು ಬಿಸಿಲಲ್ಲಿ ತೇಲುತ್ತಿದ್ದವು. ಹಾಗಾಗಿ ತುಂಬಾ ದಿನ ನಾನು ಅಪ್ಪ ಮತ್ತು ಗಿರಣಿಯಣ್ಣ ಒಂದೇ ಕಡೆ ಕೆಲಸ ಮಾಡುತ್ತಾರೆ ಅಂದುಕೊಂಡಿದ್ದೆ. ಗಿರಣಿಯ ಬೋರ್ಡಿನಲ್ಲಿ ‘ಫ್ಲೋರ್ ಮಿಲ್’ ಅಂತ ಬರೆದಿತ್ತು, ಅಕ್ಷರ ಕೂಡಿಸಿ ಓದಲು ಕಲಿತ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಒಂದು ದಿನ ಗಿರಣಿಯಣ್ಣನನ್ನೇ ಕೇಳಿದೆ, “ಅಣ್ಣಾ, ನಮ್ಮಪ್ಪ ಯಾವ ಕಡಿ ಕುಂತಿರ್ತಾರೆ?” ಅವನು ನಗಲಿಲ್ಲ. “ನಿಮ್ಮಪ್ಪಂದು ದೊಡ್ಡ ಮಿಲ್ಲವ್ವಾ, ನಮ್ದು ಸಣ್ಣದು” ಅಂದ. ಅಷ್ಟೇ ಹೇಳಿ ಮುಂದಿನ ಡಬ್ಬಿ ಎತ್ತಿದ.

ಮಗಳ ಪ್ರಶ್ನೆ ಕೇಳಿದ ಮೇಲೆ ಆ ಉತ್ತರ ಮತ್ತೆ ನೆನಪಾಯಿತು. ಒಂದು ದೊಡ್ಡದು, ಒಂದು ಸಣ್ಣದು. ಆದರೆ ಪದ ಒಂದೇ.

ಕಲ್ಲಿನಿಂದ ಹುಟ್ಟಿದ ಪದ

ಇಂಗ್ಲಿಷಿನ ಮಿಲ್ ಹುಟ್ಟಿದ್ದು ಕಲ್ಲಿನಿಂದ. ಲ್ಯಾಟಿನ್ ಭಾಷೆಯಲ್ಲಿ ‘ಮೋಲಾ’ ಅಂದರೆ ಬೀಸುವ ಕಲ್ಲು, ‘ಮೋಲೆರೆ’ ಅಂದರೆ ಬೀಸು. ಅದರಿಂದ ‘ಮೋಲಿನಾ’ ಆಯಿತು, ಅಂದರೆ ಬೀಸುವ ಜಾಗ. ರೋಮನ್ನರು ನೀರಿನಿಂದ ತಿರುಗುವ ಗಿರಣಿ ಬಲ್ಲವರು. ಅವರ ಗಿರಣಿ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಅವರ ಪದವೂ ಹೋಯಿತು. ಫ್ರೆಂಚರಲ್ಲಿ ಮುಲ್ಯಾಂ, ಇಟಲಿಯಲ್ಲಿ ಮುಲೀನೊ, ಜರ್ಮನ್ನರಲ್ಲಿ ಮ್ಯೂಲೆ. ಹಳೇ ಇಂಗ್ಲಿಷಿನಲ್ಲಿ ಅದು ‘ಮಿಲನ್’ ಅನ್ನೋ ಹಾಗೆ ಇತ್ತು. ಬರ್ತಾ ಬರ್ತಾ ಕೊನೆಯ ನಕಾರ ಉದುರಿ ಹೋಗಿ ಮಿಲ್ ಉಳಿಯಿತು. ಆ ನಕಾರ ಮಿಲ್ನರ್ ಅನ್ನೋ ಮನೆತನದ ಹೆಸರಲ್ಲಿ ಇವತ್ತಿಗೂ ಇದೆ. ಇಂಗ್ಲಿಷರು ಬಾಲ ಕತ್ತರಿಸಿ ಕೊಟ್ಟ ಪದಕ್ಕೆ ನಾವು ಒಂದು ಉಕಾರ ಸೇರಿಸಿ ‘ಮಿಲ್ಲು’ ಮಾಡಿಕೊಂಡೆವು. ಬಸ್ಸು, ಕಾರು, ರೈಲು ಮಾಡಿಕೊಂಡ ಹಾಗೆ. ಹಾಗೆ ಮಾಡಿದಾಗಲೇ ಒಂದು ಪದ ನಮ್ಮದಾಗೋದು, ಅಲ್ವಾ?

1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ಊರೂರಿನ ಆಸ್ತಿ ಲೆಕ್ಕ ಬರೆಸಿದ. ಡೂಮ್ಸ್‌ಡೇ ಪುಸ್ತಕ ಅನ್ನುತ್ತಾರೆ. ಅದರಲ್ಲಿ ಸುಮಾರು 6000 ಮಿಲ್ಲುಗಳ ಲೆಕ್ಕ ಸಿಗುತ್ತದೆ. ಹೆಚ್ಚು ಕಡಿಮೆ ಎಲ್ಲವೂ ಹಿಟ್ಟಿನ ಸುತ್ತಲಿನವು. ಆಗ ಮಿಲ್ ಅಂದರೆ ಹಿಟ್ಟು, ಹಿಟ್ಟು ಅಂದರೆ ಮಿಲ್, ಅಷ್ಟೇ. ಊರಿನ ಜನ ಕಾಳು ತರಬೇಕು, ಮಿಲ್ಲಿನವನು ತನ್ನ ಪಾಲು ಮುರಿದುಕೊಂಡು ಹಿಟ್ಟು ಕೊಡಬೇಕು.

ಆ ಪಾಲಿನ ವಿಷಯ ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ‘ಎಮಾಲ್ಯುಮೆಂಟ್’ ಅಂತ ಒಂದು ಇಂಗ್ಲಿಷ್ ಪದ ಇದೆ. ಸಂಬಳ, ಭತ್ಯೆ, ಕೆಲಸದಿಂದ ಬರುವ ಆದಾಯ ಅಂತ ಅರ್ಥ. ಸರ್ಕಾರಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಪದ. ಅದೂ ಇದೇ ‘ಮೋಲೆರೆ’ಯಿಂದ ಬಂದದ್ದು, ಮೊದಲು ಗಿರಣಿಯವನಿಗೆ ಬೀಸಿದ್ದಕ್ಕೆ ಸಿಗುತ್ತಿದ್ದ ಕೂಲಿ ಅನ್ನೋ ಅರ್ಥ ಇದ್ದಿರಬೇಕು ಅಂತ ನಿಘಂಟುಗಳು ಹೇಳುತ್ತವೆ. ನಮ್ಮ 1952ರ ಪ್ರಾವಿಡೆಂಟ್ ಫಂಡ್ ಕಾಯ್ದೆಯಲ್ಲಿ ಮೂಲ ವೇತನ ಅಂದರೆ ಏನು ಅಂತ ಹೇಳುವ ಜಾಗದಲ್ಲೇ ಈ ಪದ ಇದೆ. ಅಪ್ಪನ ಮಿಲ್ಲು ನಿಂತ ಮೇಲೆ ಬಾಕಿ ದುಡ್ಡಿಗಾಗಿ ವರ್ಷಗಟ್ಟಲೆ ಓಡಾಡಿದ ಫೈಲಿನಲ್ಲೂ ಅದು ಇತ್ತು. ಕಾಗದ ಇಂಗ್ಲಿಷಿನಲ್ಲಿ ಬಂದರೆ ಅಪ್ಪ ನನ್ನ ಕೈಗೆ ಕೊಡುತ್ತಿದ್ದರು. ಹೈಸ್ಕೂಲಿನ ಹುಡುಗಿ ನಾನು, ಆ ಪದದ ಹತ್ತಿರ ಬಂದಾಗಲೆಲ್ಲ ಎಡವುತ್ತಿದ್ದೆ. ಅಪ್ಪ ತಾಳ್ಮೆಯಿಂದ ಕಾಯುತ್ತಿದ್ದರು. ಬೀಸಿದವನ ಪಾಲು ಅಂತ ಆಗ ಗೊತ್ತಿದ್ದರೆ ಅಷ್ಟನ್ನೇ ಹೇಳುತ್ತಿದ್ದೆ. ಅವರಿಗೆ ಅದು ತಕ್ಷಣ ಅರ್ಥ ಆಗುತ್ತಿತ್ತು.

ಅದೇ ಕಲ್ಲಿನಿಂದ ಹುಟ್ಟಿದ ಇನ್ನಷ್ಟು ಪದಗಳಿವೆ. ದವಡೆ ಹಲ್ಲಿಗೆ ಇಂಗ್ಲಿಷಿನಲ್ಲಿ ‘ಮೋಲಾರ್’, ಅಂದರೆ ಬೀಸುವ ಹಲ್ಲು. ‘ಇಮ್ಮೊಲೇಟ್’ ಅಂದರೆ ಬಲಿ ಕೊಡು. ರೋಮನ್ನರು ಬಲಿಯ ಪ್ರಾಣಿಯ ಮೇಲೆ ಉಪ್ಪು ಬೆರೆಸಿದ ಹಿಟ್ಟು ಉದುರಿಸುತ್ತಿದ್ದರು, ಆ ಹಿಟ್ಟು ಉದುರಿಸುವುದೇ ಆ ಪದದ ಮೊದಲ ಅರ್ಥ. ಹಿಟ್ಟು ಅನ್ನುವ ಅರ್ಥದ ‘ಮೀಲ್’ ಕೂಡ ಇದರ ದೂರದ ನೆಂಟ. ಓಟ್‌ಮೀಲ್ ಅಂತೀವಲ್ಲ, ಅದು. ಆದರೆ ಪಿ.ಬಿ. ರಸ್ತೆಯ ಹೋಟೆಲುಗಳ ಮುಂದೆ ‘ಮೀಲ್ಸ್ ರೆಡಿ’ ಅಂತ ಹಾಕಿರುತ್ತಾರಲ್ಲ, ಆ ಮೀಲ್ ಬೇರೆ. ಅದು ಹೊತ್ತು, ಅಳತೆ ಅನ್ನೋ ಅರ್ಥದ ಇನ್ನೊಂದು ಪದದಿಂದ ಬಂದಿದೆ. ನಾವು ಎರಡು ಹೊತ್ತಿನ ಊಟ ಅನ್ನುವ ಹಾಗೆ. ಮಗಳು ಇವೆರಡನ್ನೂ ಕೂಡಿಸಿ ಬರೆಯಲು ಹೊರಟಿದ್ದಳು, ನಾನೇ ಬೇಡ ಅಂದೆ. ಮಿಲಿಯನ್, ಮಿಲಿಮೀಟರ್ ಕೂಡ ಬೇರೆ ಮನೆಯವು. ಅವು ಸಾವಿರ ಅನ್ನೋ ಲ್ಯಾಟಿನ್ ಪದದ ಮಕ್ಕಳು. ಒಂದೇ ತರ ಕೇಳಿಸುತ್ತದೆ ಅಂತ ನೆಂಟಸ್ತನ ಕಟ್ಟಬಾರದು. ಪದಗಳ ವಿಷಯದಲ್ಲಿ ನನಗೆ ಜಾಸ್ತಿ ಸಿಟ್ಟು ಬರುವುದು ಆ ಕೆಲಸಕ್ಕೇ.

ಚಕ್ರ ಮಾತ್ರ ಉಳಿದಿದ್ದು

ಸರಿ, ಕಲ್ಲಿಗೂ ನೂಲಿಗೂ ಗಂಟು ಬಿದ್ದಿದ್ದು ಎಲ್ಲಿ? ನೀರಲ್ಲಿ.

ಹಿಟ್ಟಿನ ಗಿರಣಿಯ ಜೀವ ಇದ್ದದ್ದು ಹೊಳೆಯ ಪಕ್ಕದ ದೊಡ್ಡ ಚಕ್ರದಲ್ಲಿ. ನೀರು ಚಕ್ರ ತಿರುಗಿಸುತ್ತದೆ, ಚಕ್ರ ಕಲ್ಲು ತಿರುಗಿಸುತ್ತದೆ. ಚಕ್ರ ಒಮ್ಮೆ ತಿರುಗಲು ಶುರುವಾದ ಮೇಲೆ ಅದಕ್ಕೆ ಕಲ್ಲೇ ಆಗಬೇಕು ಅಂತ ಏನಿಲ್ಲವಲ್ಲ. ಜನ ಅದಕ್ಕೆ ಗರಗಸ ಕಟ್ಟಿದರು, ಸುತ್ತಿಗೆ ಕಟ್ಟಿದರು, ಕಾಗದಕ್ಕೆ ಚಿಂದಿ ಕುಟ್ಟುವ ಒನಕೆ ಕಟ್ಟಿದರು. ಏನು ಕಟ್ಟಿದರೂ ಆ ಚಕ್ರದ ಮನೆಗೆ ಮಿಲ್ ಅಂತಲೇ ಕರೆದರು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಅನ್ನುವವರು ಇಂಗ್ಲೆಂಡಿನ ಡರ್ಬಿಶೈರಿನ ಕ್ರಾಮ್‌ಫರ್ಡ್ ಅನ್ನೋ ಹಳ್ಳಿಯಲ್ಲಿ ಅಂಥ ನೀರಿನ ಬಲಕ್ಕೆ ನೂಲುವ ಯಂತ್ರ ಕಟ್ಟಿದರು. ಕಲ್ಲು ಹೋಯಿತು, ಕದಿರು ಬಂತು. ಕಾಳು ಹೋಯಿತು, ಹತ್ತಿ ಬಂತು. ಚಕ್ರ ಉಳಿಯಿತು, ಚಕ್ರದ ಜೊತೆ ಹೆಸರೂ ಉಳಿಯಿತು. ಆಮೇಲೆ ಉಗಿ ಯಂತ್ರ ಬಂದಾಗ ಆ ಚಕ್ರವೂ ಹೋಯಿತು. ಹೆಸರು ಮಾತ್ರ ಮ್ಯಾಂಚೆಸ್ಟರಿಗೆ ನಡೆದುಕೊಂಡು ಹೋಯಿತು. ಅಲ್ಲಿಂದ ಹಡಗು ಹತ್ತಿ ಮುಂಬೈಗೆ ಬಂತು. ಅಲ್ಲಿ ಕಾವಸ್‌ಜಿ ದಾವರ್ ಕಟ್ಟಿದ ಹತ್ತಿ ಮಿಲ್ಲು 1856ರಲ್ಲಿ ನೂಲು ತೆಗೆಯಲು ಶುರು ಮಾಡಿತು.

ನನಗೆ ಖುಷಿ ಕೊಟ್ಟ ವಿಷಯ ಇದು: ಮರಾಠಿಯಲ್ಲೂ ಇದೇ ಕಥೆ ನಡೆದಿದೆ. ಅಲ್ಲಿ ಹಿಟ್ಟು ಬೀಸುವುದೂ ಗಿರಣಿ, ಬಟ್ಟೆಯ ಮಿಲ್ಲೂ ಗಿರಣಿ. ಮುಂಬೈಯಲ್ಲಿ ಮಿಲ್ ಕಾರ್ಮಿಕರು ತುಂಬಿದ್ದ ಇಡೀ ಪ್ರದೇಶಕ್ಕೆ ಗಿರಣಗಾಂವ್ ಅಂತ ಹೆಸರು. ಹುಬ್ಬಳ್ಳಿಯಲ್ಲಿ ಗಿರಣಿ ಚಾಳ ಇದೆ. ಅದು ಹಿಟ್ಟಿನ ಗಿರಣಿಯ ಚಾಳ ಅಲ್ಲ, ಹತ್ತಿ ಮಿಲ್ಲಿನವರದು. ದಾವಣಗೆರೆಯ ನಾವು ಮಾತ್ರ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡೆವು. ಹಿಟ್ಟಿಗೆ ಗಿರಣಿ, ಹತ್ತಿಗೆ ಮಿಲ್ಲು. ಬೋರ್ಡಿನ ಮೇಲೆ ಫ್ಲೋರ್ ಮಿಲ್ ಅಂತ ಇದ್ದರೂ ಬಾಯಲ್ಲಿ ಅದು ಗಿರಣಿಯೇ. ಎರಡು ಪದ ಇದ್ದದ್ದರಿಂದಲೇ ನನಗೆ ನಲವತ್ತು ವರ್ಷ ಅನುಮಾನ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದ್ದರೆ ಐದನೇ ವಯಸ್ಸಿಗೇ ಕೇಳುತ್ತಿದ್ದೆನೇನೋ.

ನೀರಿನ ಬಲದಿಂದ ನೂಲು ತೆಗೆದ ಮಿಲ್ಲು ನಮ್ಮ ರಾಜ್ಯದಲ್ಲೂ ಇದೆ. ಗೋಕಾಕ ಫಾಲ್ಸಿನದು, ಘಟಪ್ರಭೆಯ ಪಕ್ಕ, 19ನೇ ಶತಮಾನದ ಕೊನೆಗೆ ಶುರುವಾದದ್ದು. ದಾವಣಗೆರೆಯಲ್ಲಿ ಹೊಳೆ ಇಲ್ಲ. ಹೊಳೆ ನೋಡಬೇಕೆಂದರೆ ಹರಿಹರಕ್ಕೇ ಹೋಗಬೇಕು. ಆದರೂ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನೋ ಹೆಸರು ಬಂದದ್ದು ಈ ಊರಿಗೆ. ನೀರಿನ ಚಕ್ರದಿಂದ ಹುಟ್ಟಿದ ಪದ ನೀರೇ ಇಲ್ಲದ ಊರಿನ ಗುರುತಾಯಿತು. ಸುತ್ತ ಎರೆಭೂಮಿ ಇತ್ತು, ಹತ್ತಿ ಇತ್ತು, ರೈಲಿತ್ತು, ದುಡ್ಡು ಹಾಕುವ ವ್ಯಾಪಾರಿಗಳಿದ್ದರು. ಅಷ್ಟಿದ್ದರೆ ಸಾಕಾಗಿತ್ತು.

ಇದರ ಜೊತೆ ಒಂದು ಮಾತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗಿನ ‘ಜಿನ್’ ಅಂದರೆ ಏನು ಅಂತ ಮಗಳು ಕೇಳಿದಳು. ಅದು ‘ಎಂಜಿನ್’ ಅನ್ನೋದರ ತುಂಡು. ಅಮೆರಿಕದ ಎಲಿ ವಿಟ್ನಿ 1794ರಲ್ಲಿ ಪೇಟೆಂಟ್ ಪಡೆದ ಕಾಟನ್ ಜಿನ್ ಕೂಡ ಕಾಟನ್ ಎಂಜಿನ್ನೇ. ಇಷ್ಟು ವರ್ಷ ಜಿನ್ನಿಂಗ್ ಫ್ಯಾಕ್ಟರಿಗಳ ಮುಂದೆ ಓಡಾಡಿದ್ದೇನೆ, ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಮಿಲ್ ಕೂಗ್ತು

ನಮ್ಮ ಮನೆಯಲ್ಲಿ ‘ಮಿಲ್ಲು’ ಅನ್ನೋದಕ್ಕೆ ನಿಘಂಟಿನಲ್ಲಿಲ್ಲದ ಒಂದು ಅರ್ಥ ಇತ್ತು. ಅದು ಕೂಗು. ಸೈರನ್ ಅಂತ ಯಾರೂ ಅನ್ನುತ್ತಿರಲಿಲ್ಲ. ‘ಮಿಲ್ ಕೂಗ್ತು, ಏಳ್ರಿ’ ಅಂತ ಅವ್ವ ಎಬ್ಬಿಸುತ್ತಿದ್ದಳು. ಮಿಲ್ಲಿಗೆ ಹೋಗದ ಮನೆಯವರೂ ಆ ಕೂಗಿಗೇ ಏಳುತ್ತಿದ್ದರು, ಹಾಲಿನವನು ಅದಕ್ಕೇ ಬರುತ್ತಿದ್ದ, ಪಕ್ಕದ ಮನೆಯ ಅಜ್ಜಿ ಮಾತ್ರೆ ನುಂಗುವುದೂ ಅದರ ಲೆಕ್ಕದಲ್ಲೇ. ಕೂಗಾದ ಸ್ವಲ್ಪ ಹೊತ್ತಿಗೆ ಸೈಕಲ್ಲುಗಳ ಸಾಲು. ಹ್ಯಾಂಡಲ್ಲಿಗೆ ತೂಗುವ ಬುತ್ತಿ ಚೀಲ, ಬೆಳಗಿನ ಜಾವದ ಬೀಡಿ ಬೆಂಕಿ.

ಅಪ್ಪ ಜಗಳೂರು ಕಡೆಯ ಒಂದು ಹಳ್ಳಿಯವರು. ಮಳೆ ಇಲ್ಲದ ಒಂದು ವರ್ಷ ಊರು ಬಿಟ್ಟು ಬಂದು ಮಿಲ್ಲಿನ ಗೇಟಿನ ಮುಂದೆ ನಿಂತರು. ಮೊದಲು ಬದ್ಲಿ. ಬದ್ಲಿ ಅಂದರೆ ಯಾರಾದರೂ ಬಾರದಿದ್ದರೆ ಅವರ ಜಾಗಕ್ಕೆ ಕರೆಯುತ್ತಾರೆ, ಎಲ್ಲರೂ ಬಂದರೆ ವಾಪಸ್ ಮನೆಗೆ. ಪಾಳಿ ಶುರುವಾಗುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, ಹೆಸರು ಕರೆಯುತ್ತಾರಾ ಅಂತ ಕಿವಿ ಕೊಡಬೇಕು. ಆಮೇಲೆ ಕಾಯಂ ಆಯಿತು, ರಿಂಗ್ ಫ್ರೇಮಿಗೆ, ಅಂದರೆ ನೂಲುವ ಯಂತ್ರಕ್ಕೆ ಹಾಕಿದರು. ಅಲ್ಲಿ ಒಂದೊಂದು ಕದಿರೂ ನಿಮಿಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು ಸುತ್ತುತ್ತದೆ. ಎಳೆ ಕಡಿದರೆ ಬೆರಳ ತುದಿಯಲ್ಲಿ ಕೂಡಿಸಬೇಕು. ಒಣ ಗಾಳಿಗೆ ನೂಲು ಕಡಿಯುತ್ತದೆ ಅಂತ ಒಳಗೆ ಸದಾ ತೇವ ಇಟ್ಟಿರುತ್ತಾರೆ. ಆ ಸೆಕೆಯಲ್ಲಿ, ಆ ಸದ್ದಿನಲ್ಲಿ ಎಂಟು ಗಂಟೆ. ಮಾತಾಡಬೇಕಾದರೆ ತುಟಿ ನೋಡಿ ತಿಳಿಯಬೇಕು. ಅಪ್ಪ ಇವತ್ತಿಗೂ ನಮ್ಮ ಮುಖ ನೋಡದೆ ಮಾತಾಡುವುದಿಲ್ಲ. ಅದು ಪ್ರೀತಿಯಿಂದ ಬಂದ ಅಭ್ಯಾಸ ಅಂತ ನಾನು ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ವಾರದ ರಜೆ ಮುಗಿದ ಮರುದಿನ ಅವರಿಗೆ ಎದೆ ಬಿಗಿಯುತ್ತಿತ್ತು, ಉಸಿರು ಎಳೆದುಕೊಳ್ಳುತ್ತಿದ್ದರು. ಎರಡು ದಿನಕ್ಕೆ ಕಡಿಮೆ ಆಗುತ್ತಿತ್ತು. ರಜೆಯಲ್ಲಿ ಮೊಸರು ಜಾಸ್ತಿ ತಿಂದದ್ದಕ್ಕೆ ಅಂತ ಅಜ್ಜಿ ಬೈಯುತ್ತಿದ್ದಳು. ಹತ್ತಿಯ ದೂಳಿನಿಂದ ಬರುವ ಆ ಕಾಯಿಲೆಗೆ ಬಿಸ್ಸಿನೋಸಿಸ್ ಅಂತ ಹೆಸರಿದೆ, ರಜೆಯ ಮರುದಿನವೇ ಜಾಸ್ತಿ ಆಗುವುದರಿಂದ ಇಂಗ್ಲಿಷಿನಲ್ಲಿ ಅದನ್ನು ಸೋಮವಾರದ ಜ್ವರ ಅಂತಲೂ ಕರೆಯುತ್ತಾರೆ ಅಂತ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಆ ಮಿಲ್ಲಿನಲ್ಲಿ ಯಾರೂ ಅವರಿಗೆ ಅದನ್ನು ಹೇಳಿರಲಿಲ್ಲ.

ಹರಿಹರದಲ್ಲಿ ನಮ್ಮ ಸೋದರಮಾವ ಇದ್ದರು. ಅವರು ಹೋಗುತ್ತಿದ್ದದ್ದು ‘ಫ್ಯಾಕ್ಟ್ರಿ’ಗೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಮಾಡುತ್ತಿತ್ತು. ಎರಡು ಊರಿಗೆ ಇರುವ ದೂರ ಬಸ್ಸಲ್ಲಿ ಅರ್ಧ ತಾಸೂ ಇಲ್ಲ. ಆದರೂ ಅಲ್ಲಿ ಫ್ಯಾಕ್ಟ್ರಿ, ಇಲ್ಲಿ ಮಿಲ್ಲು. ಮಾವ ಬಂದಾಗ “ನಂದು ಮಿಲ್ಲಿಂಗ್ ಕೆಲ್ಸ” ಅನ್ನುತ್ತಿದ್ದರು. ಮಿಲ್ಲಿನಲ್ಲಿರುವ ಅಪ್ಪ ಮಿಲ್ಲಿಂಗ್ ಮಾಡುವುದಿಲ್ಲ, ಫ್ಯಾಕ್ಟ್ರಿಯಲ್ಲಿರುವ ಮಾವ ಮಾಡುತ್ತಾರೆ! ಅದು ತಿರುಗುವ ಹಲ್ಲಿನ ಚಕ್ರದಿಂದ ಕಬ್ಬಿಣ ಕೆತ್ತುವ ಕೆಲಸ. ಅಲ್ಲೂ ತಿರುಗುವುದೇ ಮುಖ್ಯ, ತಿರುಗಿ ತಿರುಗಿ ಸವೆಸುವುದು. ಹಾಗೆ ನೋಡಿದರೆ ಕಲ್ಲಿನ ಮೂಲ ಅರ್ಥಕ್ಕೆ ಅಪ್ಪನ ಕೆಲಸಕ್ಕಿಂತ ಮಾವನ ಕೆಲಸವೇ ಹತ್ತಿರ. ಇನ್ನು ಫ್ಯಾಕ್ಟರಿ ಅನ್ನೋ ಪದದ್ದೇ ಬೇರೆ ದಾರಿ. ಸೂರತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಟ್ಟ ‘ಫ್ಯಾಕ್ಟರಿ’ಯಲ್ಲಿ ಒಂದು ಯಂತ್ರವೂ ಇರಲಿಲ್ಲ. ಅದು ಸರಕು ಕೊಂಡು ತುಂಬುವ ಕೋಠಿ.

ಚಳ್ಳಕೆರೆಗೆ ಹೋದರೆ ಮಿಲ್ಲು ಅಂದರೆ ಶೇಂಗಾ ಎಣ್ಣೆಯದು. ಭದ್ರಾ ಕಾಲುವೆ ಬಂದ ಮೇಲೆ ಗದ್ದೆಯಾದ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮಿಲ್ಲು ಅಂದರೆ ಭತ್ತದ್ದು. ಮರ ಕೊಯ್ಯುವುದು ಸಾಮಿಲ್ಲು. ಸಕ್ಕರೆಯದನ್ನು ಮಾತ್ರ ಯಾಕೋ ನಾವು ಕಾರ್ಖಾನೆ ಅಂತೀವಿ. ಎಣ್ಣೆಗೆ ನಮ್ಮಲ್ಲಿ ಗಾಣ ಅನ್ನೋ ಚೆಂದದ ಪದವೇ ಇತ್ತು, ಎತ್ತು ಸುತ್ತುತ್ತಿದ್ದಾಗ. ಎತ್ತು ಹೋಗಿ ಕರೆಂಟು ಬಂದಾಗ ಪದವೂ ಬದಲಾಯಿತು. ಈಗ ಮರದ ಗಾಣದ ಎಣ್ಣೆ ಅಂತ ಮತ್ತೆ ಬೋರ್ಡು ಬಂದಿದೆ. ಪದ ವಾಪಸ್ ಬಂದದ್ದು ನನಗೆ ಸಂತೋಷ.

1980ರ ದಶಕದಿಂದ ನಮ್ಮೂರಿನ ಹತ್ತಿ ಮಿಲ್ಲುಗಳು ಒಂದೊಂದಾಗಿ ನಿಂತವು. ಹಳೇ ಯಂತ್ರ, ಪವರ್‌ಲೂಮಿನ ಪೈಪೋಟಿ, ಸಾಲ. ಒಂದು ಕಾಲಕ್ಕೆ ಈ ಕಾರ್ಮಿಕರ ಬಲ ಎಷ್ಟಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಊರು ಶಾಸಕರನ್ನಾಗಿ ಗೆಲ್ಲಿಸಿತ್ತು. ಆ ಬಲವೂ ಮಿಲ್ಲಿನ ಜೊತೆ ಕರಗಿತು. ನಷ್ಟದ ಮಿಲ್ಲಿಗೆ ಇಂಗ್ಲಿಷಿನಲ್ಲಿ ‘ಸಿಕ್’ ಅನ್ನುತ್ತಾರೆ, 1985ರಲ್ಲಿ ಅದಕ್ಕೊಂದು ಕಾಯ್ದೆಯೇ ಬಂತು. ಅವ್ವ ಅದನ್ನು ಕೇಳಿ, “ಮಿಲ್ಲಿಗೇನ್ ಜ್ವರ ಬಂದೈತಾ, ಮನುಷ್ಯರಿಗೆ ಬಂದೈತೆ” ಅಂದಿದ್ದಳು. ಒಂದು ಬೆಳಿಗ್ಗೆ ಕೂಗಲಿಲ್ಲ. ಅಪ್ಪ ಮಾತ್ರ ಅದೇ ಹೊತ್ತಿಗೆ ಎದ್ದು, ಮುಖ ತೊಳೆದು, ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಬುತ್ತಿ ಕಟ್ಟಿಟ್ಟಿದ್ದಳು. ಅವತ್ತು ಮಧ್ಯಾಹ್ನ ಆ ಬುತ್ತಿಯನ್ನು ಅಪ್ಪ ಮನೆಯಲ್ಲೇ ಕೂತು ಬಿಚ್ಚಿ ಉಂಡರು. ತಟ್ಟೆಗೆ ಹಾಕಿಕೊಳ್ಳಲಿಲ್ಲ.

ಬೀಸು, ಕದಿರು

ಮಗಳ ಪುಸ್ತಕದಲ್ಲಿ ಅರ್ಥಗಳ ಪಟ್ಟಿ ಬೆಳೆಯಿತು. ನಾಣ್ಯದ ಅಂಚಿನ ಸಣ್ಣ ಗೆರೆಗಳಿಗೂ ಮಿಲ್ಲಿಂಗ್ ಅನ್ನುತ್ತಾರೆ. ಜನರ ಗುಂಪು ಅತ್ತಿತ್ತ ಸುಮ್ನೆ ಸುತ್ತಾಡುವುದಕ್ಕೂ ಮಿಲ್ ಅನ್ನುತ್ತಾರೆ, ದನಗಳು ಒಂದೇ ಕಡೆ ಸುತ್ತು ಹಾಕುವುದಕ್ಕೂ ಅನ್ನುತ್ತಾರೆ. ಅದನ್ನು ಓದಿದಾಗ ನನಗೆ ಅಜ್ಜಿಯ ಊರಿನ ಕಣ ನೆನಪಾಯಿತು. ಮೇಟಿಗೆ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತಾ ಸುತ್ತುವುದು, ಬೆಳದಿಂಗಳಲ್ಲಿ ಹಂತಿ ಪದ. ಟ್ರೆಡ್‌ಮಿಲ್ ಕೂಡ ಬರೆದಳು. 1818ರ ಹೊತ್ತಿಗೆ ವಿಲಿಯಂ ಕ್ಯೂಬಿಟ್ ಅನ್ನುವ ಎಂಜಿನಿಯರ್ ಇಂಗ್ಲೆಂಡಿನ ಜೈಲುಗಳಿಗಾಗಿ ಮಾಡಿದ್ದು ಅದು. ಕೈದಿಗಳು ದೊಡ್ಡ ಚಕ್ರದ ಮೆಟ್ಟಿಲು ಹತ್ತುತ್ತಲೇ ಇರಬೇಕು, ಕೆಲವು ಕಡೆ ಆ ಚಕ್ರ ಕಾಳು ಬೀಸುತ್ತಿತ್ತು, ಕೆಲವು ಕಡೆ ಏನನ್ನೂ ಮಾಡುತ್ತಿರಲಿಲ್ಲ. ಏನನ್ನೂ ಬೀಸದ ಮಿಲ್ಲು, ಬರೀ ಶಿಕ್ಷೆ. ಈಗ ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಅದೇ ಹೆಸರಿನ ಯಂತ್ರ ನಾಲ್ಕಿವೆ.

ಇಷ್ಟೆಲ್ಲ ಇಂಗ್ಲಿಷ್ ಪದದ ಹಿಂದೆ ಓಡಾಡಿದ ಮೇಲೆ ನಮ್ಮ ಪದಗಳ ಕಡೆ ನೋಡಬೇಕು ಅನ್ನಿಸಿತು. ಬೀಸು. ಕಲ್ಲು ಬೀಸುತ್ತೇವೆ. ಗಾಳಿ ಬೀಸುತ್ತದೆ. ಬಲೆ ಬೀಸುತ್ತಾರೆ, ಕವಣೆ ಬೀಸುತ್ತಾರೆ, ಕತ್ತಿ ಬೀಸುತ್ತಾರೆ. ಬೀಸಣಿಗೆ ಬೀಸುತ್ತೇವೆ. ಎಲ್ಲದರಲ್ಲೂ ಒಂದು ತೋಳು ಸುತ್ತು ಹಾಕುವುದು ಕಾಣುತ್ತದೆ. ಇಂಗ್ಲಿಷರ ಪದ ಕಲ್ಲಿನಿಂದ ಹೊರಟಿತು. ನಮ್ಮದು ತೋಳಿನಿಂದ ಹೊರಟ ಹಾಗೆ ನನಗೆ ಕಾಣುತ್ತದೆ. ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂತ ಇಬ್ಬರು ಹೆಂಗಸರ ತೋಳು, ಅವರ ಪದ. ಇನ್ನು ಕದಿರು. ನೂಲುವ ಕಡ್ಡಿಯೂ ಕದಿರು, ಸೂರ್ಯನ ಕಿರಣವೂ ಕದಿರು. ಹತ್ತಿಯಿಂದ ಎಳೆ ಹೊರಡುವುದು, ನೇಸರಿನಿಂದ ಬೆಳಕು ಹೊರಡುವುದು. ಅಪ್ಪ ಇಪ್ಪತ್ತೈದು ವರ್ಷ ನಿಂತಿದ್ದು ಸಾವಿರಾರು ಕದಿರುಗಳ ನಡುವೆ. ಇದನ್ನು ಅವರಿಗೆ ಹೇಳಬೇಕು ಅಂತ ಅವತ್ತೇ ಅಂದುಕೊಂಡೆ.

ಭಾನುವಾರ ಮಗಳನ್ನು ಕರೆದುಕೊಂಡು ನಿಟ್ಟುವಳ್ಳಿಗೆ, ಅಪ್ಪನ ಮನೆಗೆ ಹೋದೆ. ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ಅಜ್ಜಾ, ನೀವು ಮಿಲ್ಲಲ್ಲಿ ಏನು ಬೀಸ್ತಿದ್ರಿ?” ಅಪ್ಪ ಅವಳ ತುಟಿ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. “ಬೀಸೋದು ನಿಮ್ಮ ಮುತ್ತಜ್ಜಿ ಕೆಲ್ಸ ಕಣವ್ವಾ, ನಮ್ದು ನೂಲೋದು” ಅಂದರು. ನಾನು ಕ್ರಾಮ್‌ಫರ್ಡಿನ ಕಥೆ ಹೇಳಿದೆ. ಹೊಳೆ, ಚಕ್ರ, ಕಲ್ಲು ತೆಗೆದು ಕದಿರು ಕಟ್ಟಿದ್ದು. ಅಪ್ಪ ತುಂಬಾ ಗಮನ ಕೊಟ್ಟು ಕೇಳಿದರು. ಬೆಲ್ಟು ಹೇಗೆ ಕಟ್ಟಿದ್ದರು, ನೀರು ಕಡಿಮೆ ಆದಾಗ ಏನು ಮಾಡುತ್ತಿದ್ದರು ಅಂತ ಕೇಳಿದರು. ಆಮೇಲೆ ಎದ್ದು ಹಿತ್ತಿಲಿಗೆ ಹೋದರು.

ಅಜ್ಜಿಯ ಬೀಸುವ ಕಲ್ಲು ನಲ್ಲಿಯ ಪಕ್ಕ ಇತ್ತು. ಮೇಲ್ಗಲ್ಲಿನ ಮೇಲೆ ಬಕೆಟ್ ಇಟ್ಟಿದ್ದರು. ಅದನ್ನು ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ, ಮೊರದ ಕಡ್ಡಿಯಿಂದ ಬಾಯಿಯ ಮಣ್ಣು ಕೆದಕಿದರು. ಗೂಟ ಎಂದೋ ಮುರಿದಿತ್ತು. ಪೇರಲ ಗಿಡದ ಒಂದು ಕೊಂಬೆ ಕೆತ್ತಿ ಹೊಡೆದರು. ಪಡಸಾಲೆಯಲ್ಲಿ ಹಳೇ ಪಂಚೆ ಹಾಸಿ, ಅದರ ಮೇಲೆ ಕಲ್ಲು ಇಟ್ಟು, ಮಗಳನ್ನು ಒಂದು ಕಡೆ ಕೂರಿಸಿಕೊಂಡು ತಾವು ಎದುರಿಗೆ ಕೂತರು. ಎಪ್ಪತ್ತು ದಾಟಿದ ಕೈ, ಹನ್ನೊಂದರ ಕೈ, ಒಂದೇ ಗೂಟದ ಮೇಲೆ. ನಾನು ಒಂದು ಹಿಡಿ ಜೋಳ ಬಾಯಿಗೆ ಹಾಕಿದೆ. ಮೊದಲು ಬರೀ ಸದ್ದು. ಆಮೇಲೆ ಕಲ್ಲಿನ ಸುತ್ತ ನುಚ್ಚು ಉದುರಿತು, ದಪ್ಪ ದಪ್ಪ. ಮಗಳು ಮುಖ ಸಣ್ಣ ಮಾಡಿ, “ಹಿಟ್ಟೇ ಆಗ್ಲಿಲ್ಲ” ಅಂದಳು.

ಅಪ್ಪ ಆ ನುಚ್ಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಪಂಚೆಯಿಂದ ಬಾಚಿ ಮತ್ತೆ ನನ್ನ ಕೈಗೆ ಕೊಟ್ಟರು.

“ಇನ್ನೊಂದ್ಸಲ ಹಾಕವ್ವಾ” ಅಂದರು.